ಕಾರ್ಡಿನಲ್ಲಿ ಉಳಿದ ಜಾಗ

ನನ್ನ ಅಕ್ಷರ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ. ಎಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಗುಬ್ಬಿ ಬಸ್ ಸ್ಟ್ಯಾಂಡಿನ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ರೈಟರ್ ಕೆಲಸ ಸಿಕ್ಕಿದ್ದು ಆ ಅಕ್ಷರದಿಂದಲೇ. ಹೆಸರಿಗೆ ಅದು ಸೈಕಲ್ ಸ್ಟ್ಯಾಂಡು. ನಾನು ಸೇರುವ ಹೊತ್ತಿಗೆ, ಅಂದರೆ ತೊಂಬತ್ತರ ದಶಕದ ನಡುವೆ, ಸೈಕಲ್ಲುಗಳು ಮೂಲೆಗೆ ಸರಿದು ಮೊಪೆಡ್ಡು, ಸ್ಕೂಟರುಗಳೇ ತುಂಬಿಕೊಂಡಿದ್ದವು. ಸುತ್ತಲ ಹಳ್ಳಿಯವರು ಬೆಳಿಗ್ಗೆ ಗಾಡಿಯಲ್ಲಿ ಬಂದು, ನಮ್ಮಲ್ಲಿ ನಿಲ್ಲಿಸಿ, ತುಮಕೂರಿನ ಬಸ್ಸು ಹತ್ತುತ್ತಿದ್ದರು. ನಾನು ಗಾಡಿ ನಂಬರನ್ನೂ ಬಂದ ಹೊತ್ತನ್ನೂ ಪುಸ್ತಕದಲ್ಲಿ ಬರೆದು ಚೀಟಿ ಹರಿದು ಕೊಡುತ್ತಿದ್ದೆ. ಸಂಜೆ ಚೀಟಿ ವಾಪಸು ತೆಗೆದುಕೊಂಡು ಹೋದ ಹೊತ್ತನ್ನು ಬರೆಯುತ್ತಿದ್ದೆ. ಇಷ್ಟೇ ಕೆಲಸ. ಇಷ್ಟನ್ನೇ ಮಾಡಿಕೊಂಡು ಬಾಯಿ ಮುಚ್ಚಿಕೊಂಡು ಬಿದ್ದಿದ್ದರೆ ಈ ಬರಹ ಬರೆಯಬೇಕಾಗಿರಲಿಲ್ಲ.

ಸ್ಟ್ಯಾಂಡಿನ ಗುತ್ತಿಗೆ ತುಮಕೂರಿನ ಒಬ್ಬ ಕಂಟ್ರಾಕ್ಟರದು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಅವರದೇ ಸ್ಟ್ಯಾಂಡು. ಒಂದು ಸಲ ತುಮಕೂರಿನ ಸ್ಟ್ಯಾಂಡಿನಲ್ಲಿ ಯಾವನೋ ಕದ್ದ ಸ್ಕೂಟರು ತಂದು ನಿಲ್ಲಿಸಿ ಹೋದವನು ತಿಂಗಳಾದರೂ ಬರಲಿಲ್ಲ. ಪೊಲೀಸರು ಕಂಟ್ರಾಕ್ಟರನ್ನು ಕರೆಸಿ, ಗಾಡಿ ಯಾರದು, ತಂದವನು ಯಾರು ಅಂತ ಬೆವರಿಳಿಸಿ ಕಳಿಸಿದರು. ಅವತ್ತಿನಿಂದ ಅವರಿಗೆ ಒಂದು ಹಟ ಹಿಡಿಯಿತು. ತಮ್ಮ ಸ್ಟ್ಯಾಂಡಿನಲ್ಲಿ ನಿಂತ ಗಾಡಿ ಯಾರದು ಅನ್ನುವುದು ತಮಗೆ ಗೊತ್ತಿರಬೇಕು.

ಸ್ವಲ್ಪ ದಿನಕ್ಕೆ ಮೂರೂ ಸ್ಟ್ಯಾಂಡಿಗೆ ಒಂದೊಂದು ದಪ್ಪ ಕಟ್ಟು ಬಂತು. ಜೆರಾಕ್ಸ್ ಹಾಳೆಗಳನ್ನು ದಬ್ಬಳದಲ್ಲಿ ಹೊಲಿದಿದ್ದರು. ಗಾಡಿ ನಂಬರು, ಮಾಲೀಕರ ಹೆಸರು, ತಂದೆ ಅಥವಾ ಗಂಡನ ಹೆಸರು, ಬಾಗಿಲಿನವರೆಗೂ ದಾರಿ ತೋರಿಸುವಷ್ಟು ಪೂರ್ತಿ ವಿಳಾಸ. ಜಿಲ್ಲೆಯ ಅರ್ಧ ಜನ ಅದರೊಳಗೆ ಇದ್ದ ಹಾಗಿತ್ತು.

"ಇದೆಲ್ಲಿ ಸಿಕ್ತು ಸಾರ್?" ಅಂದೆ.

"ಸಿಗೋ ಕಡೆ ಸಿಕ್ತು. ಬೀರುನಲ್ಲಿ ಇಟ್ಕೋ. ಊರೆಲ್ಲ ಸಾರ್ಕೊಂಡ್ ಬರ್ಬೇಡ" ಅಂದರು ಕಂಟ್ರಾಕ್ಟರು. "ಎಂಟು ದಿನ ಯಾವನೂ ಬರ್ದೆ ನಿಂತ ಗಾಡಿ ಇದ್ರೆ, ಲಿಸ್ಟ್ ನೋಡಿ ಒಂದು ಕಾರ್ಡ್ ಹಾಕು. ನಿಮ್ಮ ಗಾಡಿ ಇಲ್ಲೈತೆ, ಬಂದು ತಗೊಂಡೋಗಿ ಅಂತ. ಎರಡೇ ಸಾಲು."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕಟ್ಟು ನನಗೆ ತುಂಬ ಖುಷಿ ಕೊಟ್ಟಿತು. ಬಿಡುವಾದಾಗಲೆಲ್ಲ ಬಿಚ್ಚಿಕೊಂಡು ಕೂರುತ್ತಿದ್ದೆ. ನನ್ನ ಮುಂದೆ ಕಿಸೆಯಿಂದ ಚಿಲ್ಲರೆ ತೆಗೆಯುವವನ ಅಪ್ಪನ ಹೆಸರು ನನಗೆ ಗೊತ್ತು, ಅವನಿಗೆ ನನ್ನ ಹೆಸರೂ ಗೊತ್ತಿಲ್ಲ. ಒಂದು ದಿನ ಒಬ್ಬರು ಸ್ಕೂಟರು ನಿಲ್ಲಿಸಿದಾಗ ತಮಾಷೆಗೆ, "ಏನ್ ಸ್ವಾಮಿ, ನಿಟ್ಟೂರ್ ಕಡೆ ಮಳೆ ಹೆಂಗೆ?" ಅಂದುಬಿಟ್ಟೆ.

"ನಾನು ನಿಟ್ಟೂರು ಅಂತ ನಿಮಗೆ ಹೆಂಗ್ ಗೊತ್ತಾಯ್ತು?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಮಾರನೆ ದಿನದಿಂದ ಅವರು ಗಾಡಿಯನ್ನು ರಸ್ತೆಯ ಆಚೆ ಹೋಟೆಲಿನ ಮುಂದೆ ನಿಲ್ಲಿಸತೊಡಗಿದರು. 'ಹೋಗಯ್ಯಾ, ದೊಡ್ಡ ಮನುಷ್ಯ' ಅಂತ ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾದೆ. ಆ ಮನುಷ್ಯನಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ನಮ್ಮ ಸ್ಟ್ಯಾಂಡಿಗೆ ದಿನಾ ಬರುತ್ತಿದ್ದ ಹೆಂಗಸರು ಆಗ ಮೂರೋ ನಾಲ್ಕೋ ಜನ. ಅವರಲ್ಲಿ ಒಬ್ಬಳದು ನೀಲಿ ಮೊಪೆಡ್. ಮೂವತ್ತರ ಒಳಗಿನ ವಯಸ್ಸು, ಸಣ್ಣಗಿದ್ದಳು. ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾವುದೋ ಸಣ್ಣ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ಕೆಲಸ. ಬೆಳಿಗ್ಗೆ ಏಳೂವರೆಗೆ ಗಾಡಿ ನಿಲ್ಲಿಸಿ, ಸಂಜೆ ಆರೂವರೆಯ ಬಸ್ಸಿಗೆ ಇಳಿದು ತೆಗೆದುಕೊಂಡು ಹೋಗುತ್ತಿದ್ದಳು. ನನ್ನನ್ನು ಅಣ್ಣ ಅನ್ನುತ್ತಿದ್ದಳು. ಎಡ ಕಿವಿಯ ಹಾಲೆ ಓಲೆಯ ತೂತಿನಿಂದ ಕೆಳಕ್ಕೆ ಸೀಳಿ, ಎರಡಾಗಿ ಒಣಗಿತ್ತು. ಯಾರೋ ಕಳ್ಳ ಓಲೆ ಕಿತ್ತಿರಬೇಕು ಅಂದುಕೊಂಡಿದ್ದೆ. ದಿನಾ ಒಂದೇ ಮಾತು ಹೇಳುವಳು, "ಅಣ್ಣ, ಗಾಡಿ ಒಳಗಡೆ ಕಂಬದ ಹಿಂದೆ ಹಾಕಿ, ರೋಡ್ ಕಡೆ ಬ್ಯಾಡ." ಸೀಟಿಗೆ ಬಿಸಿಲು ಹೊಡೆಯುತ್ತದೆ ಅಂತ ಇರಬೇಕು, ಎಷ್ಟು ಜೋಪಾನ ನೋಡು ಇವಳಿಗೆ ಅಂತ ಮೆಚ್ಚಿಕೊಂಡಿದ್ದೆ.

ಒಂದು ಸಂಜೆ ಅವಳು ಗಾಡಿ ತೆಗೆಯಲು ಬರಲಿಲ್ಲ. ಮಾರನೆ ದಿನವೂ ಇಲ್ಲ. ಎಂಟು ದಿನವಾಯಿತು. ಎಂಟನೆಯ ದಿನ ಲಿಸ್ಟು ತೆಗೆದು ನೋಡಿದೆ. ಮೊಪೆಡ್ಡು ಒಬ್ಬ ಗಂಡಸಿನ ಹೆಸರಿನಲ್ಲಿತ್ತು, ವಿಳಾಸ ಕುಣಿಗಲ್ಲಿನದು. ನಮ್ಮ ಕಡೆ ಹೆಂಗಸರು ಓಡಿಸುವ ಗಾಡಿ ಗಂಡನ ಹೆಸರಿನಲ್ಲೋ ಅಪ್ಪನ ಹೆಸರಿನಲ್ಲೋ ಇರುವುದು ಮಾಮೂಲು, ಅದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ. ಕುಣಿಗಲ್ಲಿನ ಗಾಡಿ ದಿನಾ ಬೆಳಿಗ್ಗೆ ಗುಬ್ಬಿಗೆ ಯಾಕೆ ಬರುತ್ತದೆ ಅಂತ ಒಂದು ಗಳಿಗೆ ಯೋಚನೆ ಮಾಡಬೇಕಾಗಿತ್ತು. ಮಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ.

ಕಂಟ್ರಾಕ್ಟರು ಹೇಳಿದ ಎರಡು ಸಾಲು ಬರೆದೆ. ಕಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಉಳಿಯಿತು. ನಮ್ಮ ಮನೆಯಲ್ಲಿ ಕಾಗದ ಬರೆಯುವ ಕೆಲಸ ಚಿಕ್ಕಂದಿನಿಂದಲೂ ನನ್ನದೇ. ಅಜ್ಜಿ ಪಕ್ಕದಲ್ಲಿ ಕೂತು ಹೇಳಿ ಬರೆಸುತ್ತಿದ್ದಳು. ಕ್ಷೇಮ ಕೇಳದ ಕಾಗದವನ್ನೂ ಜಾಗ ಖಾಲಿ ಬಿಟ್ಟ ಕಾರ್ಡನ್ನೂ ಅವಳು ಟಪಾಲು ಡಬ್ಬಿಗೆ ಹಾಕಲು ಬಿಡುತ್ತಿರಲಿಲ್ಲ. ಕಾರ್ಡು ಖಾಲಿ ಇದ್ದರೆ ಇವರಿಗೆ ನಮ್ಮ ಮೇಲೆ ಏನೋ ಮುನಿಸು ಅಂತ ಓದಿದವರು ತಿಳಿಯುತ್ತಾರೆ ಅನ್ನುವಳು. ಆ ಅಭ್ಯಾಸ ನನ್ನ ಕೈಯನ್ನು ಬಿಟ್ಟಿರಲಿಲ್ಲ. ಉಳಿದ ಜಾಗದಲ್ಲಿ ಮುತ್ತಿನಂಥ ಅಕ್ಷರದಲ್ಲಿ ತುಂಬಿಸಿದೆ: 'ತಮ್ಮ ಮನೆಯವರು ದಿನವೂ ಬೆಳಿಗ್ಗೆ ಏಳೂವರೆಗೆ ಗಾಡಿ ಬಿಟ್ಟು ತುಮಕೂರಿಗೆ ಕೆಲಸಕ್ಕೆ ಹೋಗಿ ಸಂಜೆ ಆರೂವರೆ ಬಸ್ಸಿಗೆ ತಪ್ಪದೆ ಬರುತ್ತಿದ್ದರು. ಎಂಟು ದಿನದಿಂದ ಕಾಣಲಿಲ್ಲ. ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ತುಂಬ ಮರ್ಯಾದಸ್ಥ ಹೆಂಗಸು.'

ಎರಡು ಸಲ ಓದಿಕೊಂಡು, ಪರವಾಗಿಲ್ಲ ಕಣೋ ನೀನು ಅಂತ ನನಗೆ ನಾನೇ ಹೇಳಿಕೊಂಡು ಡಬ್ಬಿಗೆ ಹಾಕಿ ಬಂದೆ.

ಎರಡು ದಿನ ಬಿಟ್ಟು ಅವಳೇ ಬಂದಳು. ಫ್ಯಾಕ್ಟರಿಯಲ್ಲೇ ಜ್ವರ ಬಂದು ಬಿದ್ದು, ತುಮಕೂರಿನ ಆಸ್ಪತ್ರೆಯಲ್ಲಿ ಇದ್ದಳಂತೆ, ಟೈಫಾಯಿಡ್. ಆವತ್ತು ಸ್ಟ್ಯಾಂಡಿನಲ್ಲಿ ಸಂತೆ ದಿನದ ನೂಕುನುಗ್ಗಲು. ಕಾರ್ಡಿನ ವಿಷಯ ಹೇಳಲು ನನಗೆ ಪುರಸೊತ್ತು ಆಗಲಿಲ್ಲ. ಅವಳು ಗಾಡಿ ತೆಗೆದುಕೊಂಡು ಹೋದಳು. ಮಾರನೆ ದಿನ ಬೆಳಿಗ್ಗೆ ಎಂದಿನ ಹಾಗೆ ಏಳೂವರೆಗೆ ಬಂದು ಕಂಬದ ಹಿಂದೆ ನಿಲ್ಲಿಸಿ ಬಸ್ಸಿಗೆ ಓಡಿದಳು.

ಅದೇ ದಿನ ಮಧ್ಯಾಹ್ನ ಆತ ಬಂದ. ಇಸ್ತ್ರಿ ಮಾಡಿದ ಬಿಳಿ ಷರಟು, ನೀಟಾಗಿ ಬಾಚಿದ ತಲೆ. ಕೈಯಲ್ಲಿ ನನ್ನ ಕಾರ್ಡು.

"ಇದ್ ಬರ್ದೋರು ನೀವೇನಾ ಯಜಮಾನ್ರೆ? ಎಷ್ಟು ಮುದ್ದಾದ ಅಕ್ಷರ" ಅಂದ.

ಹಿಗ್ಗಿದೆ. ಬೆಂಚು ತೋರಿಸಿ ಕೂರಿಸಿದೆ, ಟೀ ತರಿಸಿದೆ. ಮನೆಯವರಿಗೆ ಟೈಫಾಯಿಡ್ ಆಗಿತ್ತಂತಲ್ಲ, ಈಗ ವಾಸಿಯೇ ಅಂತ ಕೇಳಿದೆ. ಆತ ಟೀ ಲೋಟ ಕೆಳಗಿಟ್ಟ. "ಹೌದಾ, ಟೈಫಾಯಿಡಾ?" ಅಂದ. ಗಂಡನಿಗೆ ಹೆಂಡತಿಯ ಕಾಯಿಲೆ ನಾನು ಹೇಳಿ ಗೊತ್ತಾಗುತ್ತಿದೆ!

"ನನ್ನ ಅಡ್ರೆಸ್ಸು ನಿಮಗೆಲ್ಲಿ ಸಿಕ್ತು?" ಅಂತ ಕೇಳಿದ.

ಅಲ್ಲಿಗಾದರೂ ಬಾಯಿ ಮುಚ್ಚಬೇಕಿತ್ತು. "ಲಿಸ್ಟ್ ಐತಲ್ಲ ನಮ್ಮತ್ರ" ಅಂದೆ.

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಈತ ಮುಂದಕ್ಕೆ ಬಗ್ಗಿ ಕೂತ. "ಎಲ್ಲಾರ್ದೂ ಇರ್ತದಾ? ಈಗ ಹೊಸ್ದಾಗಿ ಗಾಡಿ ತಗೊಂಡ್ರೆ ಅವ್ರುದ್ದೂ?"

"ಲಿಸ್ಟ್ ಹೊಸ್ದು ಬಂದಾಗ ಸೇರ್ತದೆ."

"ಒಳ್ಳೇ ಏರ್ಪಾಡು" ಅಂದ. ಎದ್ದು ಹೋಗಿ ಕಂಬದ ಹಿಂದೆ ನಿಂತಿದ್ದ ಮೊಪೆಡ್ಡನ್ನು ನೋಡಿದ. ಸೀಟನ್ನು ಅಂಗೈಯಿಂದ ಸವರಿದ. ವಾಪಸು ಬಂದು ಬೆಂಚಿನ ಮೇಲೆ, ಬಸ್ಸು ನಿಲ್ಲುವ ಕಡೆಗೆ ಮುಖ ಮಾಡಿ ಕೂತ. ಕಾರ್ಡನ್ನು ಇನ್ನೊಂದು ಸಲ ಓದಿದ. "ಆರೂವರೆ ಬಸ್ಸು ಅಲ್ವಾ?" ಅಂದ.

ಆಗ ನಾಲ್ಕು ಗಂಟೆ. ಐದರವರೆಗೂ ಆತ ಕದಲಲಿಲ್ಲ. ನೀರು ಕುಡಿಯಲೂ ಏಳಲಿಲ್ಲ. ಅವಳ ಸೀಳಿದ ಕಿವಿ, ಕಂಬದ ಹಿಂದೆ ಹಾಕಿ ಅನ್ನುತ್ತಿದ್ದ ಮಾತು, ಕುಣಿಗಲ್ಲಿನ ವಿಳಾಸ ಎಲ್ಲ ಒಂದರ ಹಿಂದೆ ಒಂದು ನನ್ನ ಮೊದ್ದು ತಲೆಗೆ ಹತ್ತಿತು. ಅಯ್ಯೋ ಮುಂಡೇದೇ, ಏನು ಮಾಡಿಬಿಟ್ಟೆ ಅನ್ನಿಸಿತು. ಒಂದು ಗಾಡಿ ನಂಬರನ್ನು ಎರಡು ಸಲ ಬರೆದೆ.

ಆರು ಗಂಟೆಗೆ, "ಎಲೆ ಅಡಿಕೆ ತಗೊಂಡ್ ಬತ್ತೀನಿ, ಒಸಿ ನೋಡ್ಕೊಂಡಿರಿ" ಅಂತ ಆತನಿಗೇ ಹೇಳಿ ಸೈಕಲ್ ಹತ್ತಿದೆ. ತುಮಕೂರು ರಸ್ತೆಯಲ್ಲಿ ಊರಿನ ಹೊರಗೆ ಒಂದು ಸ್ಟಾಪು ಇತ್ತು. ಅಲ್ಲಿ ಬಸ್ಸಿಗೆ ಕೈ ಒಡ್ಡಿ ನಿಲ್ಲಿಸಿ, ಒಳಗೆ ಹತ್ತಿ, ಅವಳನ್ನು ಹುಡುಕಿದೆ.

"ಇಳೀರಮ್ಮ ಬೇಗ."

"ಯಾಕಣ್ಣ?"

"ಇಳೀರಿ ಅಂದ್ನಲ್ಲ!" ಅಂತ ರೇಗಿದೆ. ಇಳಿದಳು. ಬಸ್ಸು ಹೋಯಿತು.

"ಕುಣಿಗಲ್ಲಿಂದ ನಿಮ್ಮೆಜಮಾನ್ರು ಬಂದವ್ರೆ. ನಾಲ್ಕು ಗಂಟೆಯಿಂದ ಸ್ಟ್ಯಾಂಡಲ್ಲಿ ಕೂತವ್ರೆ."

ಅವಳು ಊಟದ ಬ್ಯಾಗನ್ನು ಎದೆಗೆ ಒತ್ತಿಕೊಂಡಳು. ಇನ್ನೊಂದು ಕೈ ತಾನಾಗಿ ಸೀಳಿದ ಕಿವಿಗೆ ಹೋಯಿತು. "ಮಗು ಎಲ್ಲೈತೆ ಅಂತ ಕೇಳುದ್ರಾ?"

"ಯಾವ ಮಗು?"

"ಕೇಳಿಲ್ಲ ತಾನೆ? ನನ್ ಮಗಳು ಅಣ್ಣ, ನಾಲ್ಕು ವರ್ಷ. ನನ್ನ ಹೊಡ್ದು ಕರ್ಕೊಂಡೋಗಕ್ಕೆ ಆಗಲ್ಲ ಅಂತ ಅವ್ರಿಗೆ ಗೊತ್ತು. ಅವಳ್ನ ಎತ್ಕೊಂಡೋದ್ರೆ ಸಾಕು, ನಾನು ತಾನಾಗೇ ಹಿಂದೆ ಹೋಯ್ತೀನಿ. ಅದ್ಕೇ ಎಲ್ಲಿದೀನಿ ಅಂತ ಯಾರ್ಗೂ ಹೇಳಿಲ್ಲ. ನಮ್ಮಮ್ಮನ್ಗೂ ಒಂದ್ ಕಾಗದ ಹಾಕಿಲ್ಲ. ಹೆಂಗ್ ಗೊತ್ತಾಯ್ತು ಅವ್ರಿಗೆ?"

ಸುಳ್ಳು ಹೇಳಬಹುದಿತ್ತು. "ನಾನು ಕಾರ್ಡ್ ಹಾಕ್ದೆ" ಅಂದೆ. ಗಾಡಿ ಆತನ ಹೆಸರಿನಲ್ಲಿದ್ದದ್ದು, ಲಿಸ್ಟು, ಎಂಟು ದಿನ, ಎಲ್ಲ ಹೇಳಿದೆ. ಕಾರ್ಡಿನಲ್ಲಿ ಏನೇನು ಬರೆದೆ ಅನ್ನುವುದನ್ನೂ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ನಿಮಗೇನ್ ಗೊತ್ತು ಬುಡಿ ಅಣ್ಣ, ಒಳ್ಳೇದಕ್ಕೇ ಬರ್ದಿದೀರ" ಅಂದಳು. ಗಾಡಿ ಅಪ್ಪ ಮದುವೆಯಲ್ಲಿ ಕೊಡಿಸಿದ್ದಂತೆ, ಹೆಸರು ಮಾತ್ರ ಅಳಿಯನದು. ಇನ್ನು ಆ ಗಾಡಿ ಬೇಡ, ಗುಬ್ಬಿಯ ಕಡೆಗೂ ಬರುವುದಿಲ್ಲ ಅಂದಳು.

ತಪ್ಪು ಮಾಡಿದವನಿಗೆ ಏನಾದರೂ ಉಪಕಾರ ಮಾಡದೆ ಕಾಲು ಕೀಳಲು ಆಗುವುದಿಲ್ಲ. ಬುದ್ಧಿವಂತನ ಹಾಗೆ ಹೇಳಿದೆ, "ಮುಂದೆ ಗಾಡಿ ತಗೊಂಡ್ರೆ ನಿಮ್ಮ ಹೆಸ್ರಲ್ಲೇ ತಗೊಳಿ. ಸೆಕೆಂಡ್ ಹ್ಯಾಂಡ್ ಆದ್ರೂ ಸರಿ, ಹೆಸ್ರು ಟ್ರಾನ್ಸ್‌ಫರ್ ಮಾಡಿಸ್ಕೊಳಿ. ನಿಮ್ಮ ಹೆಸ್ರು, ನಿಮ್ಮ ಅಡ್ರೆಸ್ ಇದ್ರೆ ಯಾವನ್ಗೂ ಕಾರ್ಡ್ ಹೋಗಲ್ಲ."

"ಹಂಗೇ ಮಾಡ್ತೀನಣ್ಣ" ಅಂದಳು. ಯಾವ ಊರಿನಲ್ಲಿ ಇದ್ದೀರಿ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎದುರಿಗೆ ಬಂದ ಟೆಂಪೊ ಹತ್ತಿ ಹೋದಳು.

ನಾನು ವಾಪಸು ಬಂದಾಗ ಆತ ಬೆಂಚಿನ ಮೇಲೆ ಹಾಗೇ ಕೂತಿದ್ದ. ಆರೂವರೆ ಬಸ್ಸು ಬಂದು ಖಾಲಿಯಾಗಿತ್ತು. "ಎಲೆ ಅಡಿಕೆ ಸಿಗ್ಲಿಲ್ವಾ?" ಅಂತ ನನ್ನ ಕೈ ನೋಡಿ ಕೇಳಿದ. ನಾನು ಪುಸ್ತಕ ತೆಗೆದು ಕೂತೆ. "ಗಾಡಿ ಇಲ್ಲೇ ಇರ್ಲಿ. ನಾನು ಬಂದು ನೋಡ್ಕೊಂಡೋಯ್ತಿರ್ತೀನಿ" ಅಂದು ಹೊರಟ.

ನೋಡಿಕೊಂಡು ಹೋಗುತ್ತಲೇ ಇದ್ದ. ತಿಂಗಳಿಗೊಂದು ಸಲ ತಪ್ಪದೆ ಬರುವನು. ಸ್ಟ್ಯಾಂಡಿನ ಬಾಡಿಗೆ ಕಟ್ಟುವನು, ಮೊಪೆಡ್ಡಿನ ಧೂಳು ಒರೆಸುವನು, ಟೈರು ಒತ್ತಿ ನೋಡಿ ಗಾಳಿ ಹಾಕಿಸುವನು, ಒಂದು ನಿಮಿಷ ಇಂಜಿನ್ ಓಡಿಸಿ ಆರಿಸುವನು. "ಹಾಳಾಗ್ಬಾರ್ದು ನೋಡಿ, ಅವಳು ಬಂದಾಗ ಬೇಕಾಯ್ತದೆ" ಅನ್ನುವನು. ಒಂದು ದಿನಕ್ಕೂ ದನಿ ಏರಿಸಿದವನಲ್ಲ. ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು, "ಹೊಸ ಲಿಸ್ಟ್ ಬಂತಾ ಯಜಮಾನ್ರೆ?" ಅಂತ ಕೇಳುವನು. ಇಲ್ಲ ಅಂದರೆ ತಲೆಯಾಡಿಸಿ ಹೋಗುವನು. ಆತ ಬರುವ ದಿನ ಹತ್ತಿರವಾದರೆ ನನಗೆ ಊಟ ಸೇರುತ್ತಿರಲಿಲ್ಲ. ಕೆಲಸ ಬಿಡೋಣ ಅಂತ ಹತ್ತು ಸಲ ಅಂದುಕೊಂಡೆ. ನಾನು ಬಿಟ್ಟರೆ ಆ ಮೇಜಿಗೆ ಇನ್ನೊಬ್ಬ ಬರುತ್ತಾನೆ, ಅವನು ಲಿಸ್ಟನ್ನು ತೆಗೆದು ಕೊಟ್ಟೇಬಿಡುತ್ತಾನೆ ಅನ್ನುವ ಭಯಕ್ಕೆ ಬಿಡಲಿಲ್ಲ.

ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಹೊಸ ಲಿಸ್ಟು ಬಂದೇ ಬಂತು. ಈ ಸಲ ಜೆರಾಕ್ಸ್ ಅಲ್ಲ, ಕಂಪ್ಯೂಟರಿನಲ್ಲಿ ತೆಗೆದದ್ದು, ಎರಡೂ ಅಂಚಿಗೆ ಸಾಲಾಗಿ ತೂತಿದ್ದ ಉದ್ದದ ಕಾಗದ. ಕಂಟ್ರಾಕ್ಟರು ಹೊಸ ಆಟಿಕೆ ತಂದವರ ಹಾಗೆ ಖುಷಿಯಾಗಿದ್ದರು. ಅವರು ಹೋದ ಮೇಲೆ ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಸಿಕ್ಕಿತು. ಒಂದು ಸೆಕೆಂಡ್ ಹ್ಯಾಂಡ್ ಮೊಪೆಡ್, ಅವಳ ಹೆಸರಿಗೆ ವರ್ಗವಾಗಿತ್ತು. ಗಂಡನ ಹೆಸರಿನ ಜಾಗದಲ್ಲಿ ಆತನ ಹೆಸರು. ಕೆಳಗೆ ವಿಳಾಸ, ನಿಟ್ಟೂರಿನ ಆಚೆಯ ಒಂದು ಹಳ್ಳಿ, ಯಾರ ಮನೆಯ ಹಿಂಭಾಗ ಅನ್ನುವುದೂ ಸೇರಿ. ನಾನು ಹೇಳಿದ್ದನ್ನು ಅವಳು ಒಂದು ಅಕ್ಷರ ಬಿಡದೆ ಮಾಡಿದ್ದಳು.

ಆ ಹಾಳೆಯನ್ನು ಪರ್‍ರನೆ ಹರಿದು ಮಡಚಿ ಜೇಬಿಗೆ ಹಾಕಿಕೊಂಡೆ. ಸದ್ಯ, ಗೆದ್ದೆ ಅಂದುಕೊಂಡೆ. ಲಿಸ್ಟು ಮೂರೂ ಸ್ಟ್ಯಾಂಡಿಗೆ ಹೋಗುತ್ತದೆ ಅನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇರಲಿಲ್ಲ ಅಂದರೆ ಯಾರು ನಂಬುತ್ತಾರೆ? ಇರಲಿಲ್ಲ.

ಆ ವಾರವೇ ಆತ ಬಂದ. ಧೂಳು ಒರೆಸಿದ, ಗಾಳಿ ನೋಡಿದ, ಮೇಜಿನ ಹತ್ತಿರ ಬಂದ.

"ಹೊಸ ಲಿಸ್ಟ್ ಬಂತಾ?"

"ಇಲ್ಲ ಸ್ವಾಮಿ, ಇನ್ನಾ ಬಂದಿಲ್ಲ."

ಆತ ನೆಲ ನೋಡಿದ. ಬಗ್ಗಿ, ಮೇಜಿನ ಕೆಳಗೆ ಬಿದ್ದಿದ್ದ ಒಂದು ಕಾಗದದ ಪಟ್ಟಿ ಎತ್ತಿಕೊಂಡ. ನಾನು ಹಾಳೆ ಹರಿದಾಗ ಕಿತ್ತು ಬಿದ್ದಿದ್ದ ತೂತಿನ ಅಂಚು. ಅದನ್ನು ಬೆರಳಿಗೆ ಉಂಗುರದ ಹಾಗೆ ನಿಧಾನವಾಗಿ ಸುತ್ತಿಕೊಂಡ. "ಬಂದ್ರೆ ಹೇಳಿ" ಅಂದು, ಸುತ್ತಿದ್ದನ್ನು ಬಿಚ್ಚದೆ ಹಾಗೇ ಹೋದ.

ಅವಳಿಗೆ ಹೇಳಬೇಕಿತ್ತು. ವಿಳಾಸ ನನ್ನ ಜೇಬಿನಲ್ಲೇ ಇತ್ತು, ನಿಟ್ಟೂರು ಏನು ಕಾಶಿಯೇ? ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಮೊದಲನೆ ಭಾನುವಾರ ನಮ್ಮ ಭಾವನ ಮನೆ ಗೃಹಪ್ರವೇಶ. ಎರಡನೆ ಭಾನುವಾರ ಬಸ್ ಸ್ಟ್ಯಾಂಡಿನವರೆಗೂ ಹೋದೆ. ಆತ ನನ್ನ ಹಿಂದೆಯೇ ಬಂದರೆ, ನಾನೇ ದಾರಿ ತೋರಿಸಿದ ಹಾಗೆ ಆದರೆ ಅಂತ ಹೆದರಿ ವಾಪಸು ಬಂದೆ. ಅದು ಅವಳ ಮೇಲಿನ ಕಾಳಜಿ ಅಂತ ಆಗ ಅಂದುಕೊಂಡಿದ್ದೆ. ಕಾಳಜಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಆತನ ಭಯ ಇತ್ತು, ಅಷ್ಟೇ.

ಮುಂದಿನ ತಿಂಗಳು ಆತ ಬರಲಿಲ್ಲ. ಒಂದೂವರೆ ವರ್ಷಕ್ಕೂ ಮೇಲೆ ಒಂದು ಸಲವೂ ತಪ್ಪಿಸದಿದ್ದವನು ಬರಲಿಲ್ಲ. ಹೆಂಡತಿಗೆ ಹೇಳಿ ಆವತ್ತು ಒಬ್ಬಟ್ಟು ಮಾಡಿಸಿಕೊಂಡು ತಿಂದೆ, ಎಂಥ ಮೂರ್ಖ ನಾನು. ಪೀಡೆ ತೊಲಗಿತು ಅಂದುಕೊಂಡಿದ್ದೆ. ಮೊಪೆಡ್ಡಿನ ಮೇಲೆ ಧೂಳು ಕೂತಿತು.

ಅದರ ಮುಂದಿನ ತಿಂಗಳು ಒಂದು ಬೆಳಿಗ್ಗೆ ಸ್ಟ್ಯಾಂಡಿನ ಮುಂದೆ ಒಂದು ಬೈಕು ನಿಂತಿತು. ಟ್ಯಾಂಕಿನ ಮೇಲೆ ಒಂದು ಹೆಣ್ಣು ಮಗು, ಎರಡು ಜಡೆ, ಕೈಯಲ್ಲಿ ಬಿಸ್ಕತ್ತು. ಅದರ ಹಿಂದೆ ಆತ, ಅದೇ ಇಸ್ತ್ರಿಯ ಬಿಳಿ ಷರಟು. ಆತನ ಹಿಂದೆ ಅವಳು. ಸೆರಗನ್ನು ಎರಡೂ ಕಿವಿ ಮುಚ್ಚುವ ಹಾಗೆ ಹೊದ್ದಿದ್ದಳು.

ಆತ ಮಗುವನ್ನು ಒಂದು ತೋಳಿನಲ್ಲಿ ಎತ್ತಿಕೊಂಡು ಮೇಜಿನ ಹತ್ತಿರ ಬಂದ. "ನಮ್ಮನೆಯವ್ರ ಗಾಡಿ ತಗೊಂಡೋಗೋಣ ಅಂತ ಬಂದ್ವಿ. ನಿಮ್ಮಲ್ಲಿ ಲಿಸ್ಟ್ ಬಂದಿಲ್ಲ ಅಂದ್ರಲ್ಲ, ಕುಣಿಗಲ್ ಸ್ಟ್ಯಾಂಡಲ್ಲಿ ಬಂದಿತ್ತು. ಅಲ್ಲಿ ರೈಟ್ರು ನಮ್ಗೆ ಬೇಕಾದೋರು" ಅಂದ, ನಗುತ್ತಲೇ.

ನಾನು ಚೀಟಿ ಕೂಡ ಕೇಳಲಿಲ್ಲ.

ಆತ ತಿರುಗಿ ಅವಳನ್ನು ಕರೆದ. "ಬಾ ಇಲ್ಲಿ. ಇವ್ರೇ ಕಣೇ ಆ ಕಾರ್ಡ್ ಬರ್ದೋರು. ಇವ್ರಿಲ್ದಿದ್ರೆ ನಾವೆಲ್ಲಿ ಹಿಂಗ್ ಒಂದಾಯ್ತಿದ್ವಿ? ಥ್ಯಾಂಕ್ಸ್ ಹೇಳು."

ಅವಳು ಮಗುವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಥ್ಯಾಂಕ್ಸ್ ಅಣ್ಣ" ಅಂದಳು.

ಕಂಬದ ಹಿಂದಿನಿಂದ ಮೊಪೆಡ್ಡು ತಳ್ಳಿಕೊಂಡು ಬಂದಳು. ಅಷ್ಟು ಕಾಲ ಜೋಪಾನ ಮಾಡಿದ್ದ ಗಾಡಿ, ಎರಡು ಸಲ ತುಳಿಯುತ್ತಲೇ ಸ್ಟಾರ್ಟ್ ಆಯಿತು. ಬೈಕು ಮುಂದೆ ಹೋಯಿತು, ಮಗು ಟ್ಯಾಂಕಿನ ಮೇಲಿಂದ ಬಗ್ಗಿ ಬಗ್ಗಿ ಹಿಂದಕ್ಕೆ ನೋಡುತ್ತಿತ್ತು. ಅವಳು ಕುಣಿಗಲ್ ದಾರಿಯಲ್ಲಿ ಅದರ ಹಿಂದೆಯೇ ಹೋದಳು. ನಾನು ಪುಸ್ತಕ ತೆಗೆದು, ಆ ನಂಬರಿನ ಮುಂದೆ ಹೋದ ಹೊತ್ತು ಬರೆದೆ, ಹನ್ನೊಂದೂ ಕಾಲು.